ಸಂಚಿಯ ಜೊತೆ ಹೋದ ಚೀಟಿ

ಹೊಳೆನರಸೀಪುರದ ಉಪನೋಂದಣಿ ಕಚೇರಿಯ ಎದುರು ಮೂವತ್ತು ವರ್ಷದಿಂದ ಪತ್ರ ಬರೆಯುತ್ತಾ ಕೂತಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಕೆಲಸವಿಲ್ಲದ ಮಧ್ಯಾಹ್ನ ತಹಸೀಲ್ದಾರರಿಗೆ ಅರ್ಜಿ. ಈಗ ಎಲ್ಲವೂ ಆನ್‌ಲೈನ್ ಆಗಿ ನನ್ನ ಮೇಜಿನ ಮೇಲೂ ಒಂದು ಲ್ಯಾಪ್‌ಟಾಪ್ ಬಂದು ಕೂತಿದೆ. ಜನಕ್ಕೆ ಬೈಯುವ ಕೆಲಸ ಮಾತ್ರ ನನ್ನ ಕೈಯಲ್ಲೇ ಉಳಿದಿದೆ. ಓದದೆ ಸೈನ್ ಮಾಡುವವರಿಗೆ ಬೈಯುತ್ತೇನೆ. ಪಹಣಿಯನ್ನು ಎಂಟಾಗಿ ಮಡಿಚಿ ಅಂಗಿ ಜೇಬಿನಲ್ಲಿ ಬೆವರಿಗೆ ಕೊಡುವವರಿಗೆ ಬೈಯುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ಬೈಯುವುದು ಯಾರೋ ಕೇಳಿದರೆಂದು ಅಸಲು ಪತ್ರವನ್ನೇ ಕೊಟ್ಟು ಬರುವವರಿಗೆ. ಅಸಲು ನಿನ್ನ ಹತ್ತಿರ ಇರಲಿ, ಜೆರಾಕ್ಸ್ ಕೊಡು, ಎರಡೂ ಮಗ್ಗುಲು ಮಾಡಿಸು, ನೋಂದಣಿಯ ಮೊಹರು ಬೀಳುವುದೇ ಹಿಂಬದಿಯಲ್ಲಿ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಕಚೇರಿಯ ಜವಾನ ನನ್ನನ್ನು ಕಂಡಾಗಲೆಲ್ಲ ನನ್ನದೇ ಧ್ವನಿಯಲ್ಲಿ ಅದನ್ನು ಅಣಕಿಸುತ್ತಾನೆ.

ಇಂಥ ನಾನು ನನ್ನ ಅಕ್ಕ ಯಾಕೆ ಸತ್ತಳು ಎಂದು ಕೇಳಿಕೊಂಡು ಒಂದು ವರ್ಷ ಅಲೆದೆ. ಆಸ್ಪತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ದೂರು ಇನ್ನೂ ವಿಚಾರಣೆಯಲ್ಲಿದೆ, ಹೆಸರು ಬರೆಯಬೇಕಾದ ಕಡೆ ಬರೆದಿದ್ದೇನೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳೇ. ಅರಕಲಗೂಡಿನ ಆಚೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದಳು. ಭಾವ ಶುಂಠಿ, ರಾಗಿ ಬೆಳೆಯುವ ಮನುಷ್ಯ, ಮಾತು ಕಡಿಮೆ. ಒಬ್ಬಳೇ ಮಗಳು, ಚನ್ನರಾಯಪಟ್ಟಣದಲ್ಲಿ ಅಂಗನವಾಡಿ ಟೀಚರು. ಅಕ್ಕನಿಗೆ ಇದ್ದ ಒಂದೇ ಚಟ ಎಲೆಅಡಿಕೆ. ಸೊಂಟದಲ್ಲಿ ಮೂರು ಅರೆಯ ಬಟ್ಟೆಯ ಸಂಚಿ ಯಾವಾಗಲೂ ಇರುತ್ತಿತ್ತು. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ. ಮೂರನೆಯದರಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮಡಿಚಿಟ್ಟ ಒಂದು ಚೀಟಿ.

ಆ ಚೀಟಿಗೆ ನಮ್ಮ ಮನೆಯಲ್ಲಿ ಕೆಂಪು ಚೀಟಿ ಎಂದು ಹೆಸರು. ಕೆಲವು ವರ್ಷಗಳ ಹಿಂದೆ ಜ್ವರ ಬಂತೆಂದು ಅರಕಲಗೂಡಿನ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ಹೋಗಿದ್ದಳು. ಅವರು ಕೊಟ್ಟ ಇಂಜೆಕ್ಷನ್ ಅವಳಿಗೆ ಆಗಲಿಲ್ಲ. ಮೈಯೆಲ್ಲ ಕೆಂಪಾಗಿ, ತುಟಿ ಊದಿ, ಗಂಟಲು ಕಟ್ಟಿ, ಬದುಕಿದ್ದೇ ಹೆಚ್ಚು ಎಂದು ಭಾವ ಹೇಳಿದ್ದರು. ಡಾಕ್ಟರು ಅವಳನ್ನು ಉಳಿಸಿಕೊಂಡ ಮೇಲೆ ಅದೇ ಔಷಧಿ ಚೀಟಿಯಲ್ಲಿ ಕೆಂಪು ಇಂಕಿನಲ್ಲಿ ಏನೋ ಬರೆದುಕೊಟ್ಟು, ಸಾಯುವವರೆಗೆ ಇದನ್ನು ಜೊತೆಗಿಟ್ಟುಕೋ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸು ಎಂದಿದ್ದರಂತೆ. ಅಕ್ಕನಿಗೆ ಸಂಚಿಗಿಂತ ಜೊತೆಯಾದದ್ದು ಇನ್ನೊಂದಿರಲಿಲ್ಲ. ಅದರಲ್ಲೇ ಇಟ್ಟುಕೊಂಡಳು.

ಕಳೆದ ವರ್ಷ ಅವಳಿಗೆ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಹಾಸನದ ಖಾಸಗಿ ಆಸ್ಪತ್ರೆಯಲ್ಲಿ ಸಣ್ಣ ಆಪರೇಷನ್ ಎಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ ತೆಗೆದುಬಿಡುತ್ತೇವೆ, ಮೂರನೇ ದಿನ ಮನೆಗೆ ಹೋಗಬಹುದು ಎಂದರು. ಭಾವ ಶುಂಠಿ ಕೀಳಿಸುವ ಕೆಲಸದಲ್ಲಿದ್ದರು. ಮಗಳ ಮನೆಯಲ್ಲಿ ಮಗುವಿಗೆ ಜ್ವರ. ಕಾಗದ ಪತ್ರ ನೋಡಿಕೊಳ್ಳಲು ನನಗಿಂತ ಯಾರು ಬೇಕು ಎಂದು ನಾನೇ ಜೊತೆಗೆ ಹೋದೆ. ಸೇರಿಸಿದ ದಿನ ಸಂಜೆ ಅಕ್ಕ ಮಂಚದ ಮೇಲೆ ಕೂತು ಸಂಚಿ ಬಿಚ್ಚಿ, ಚೀಟಿ ತೆಗೆದು ನನ್ನ ಕೈಗಿಟ್ಟಳು.

"ಇದ್ನ ಅವ್ರ ಕೈಗೇ ಕೊಡ್ಲಾ. ಮರ್ತಗಿರ್ತೀಯ ಕಣ" ಎಂದಳು.

ನಾನು ಮರೆಯಲಿಲ್ಲ. ರಸ್ತೆ ದಾಟಿ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಆಸ್ಪತ್ರೆಯವರಿಗೆ ಅಸಲು ಕೊಟ್ಟರೆ ಅದು ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಜೆರಾಕ್ಸ್ ಮಾಡಿಸಿ, ಅದನ್ನು ನರ್ಸಿನ ಕೈಗೆ ಕೊಟ್ಟು, ಅವಳು ಫೈಲಿಗೆ ಸೇರಿಸುವುದನ್ನು ನಿಂತು ನೋಡಿ ಬಂದೆ. ಅಸಲನ್ನು ಕವರಿನೊಳಗೆ ಹಾಕಿ ಸಂಚಿಗೆ ಸೇರಿಸಿದೆ. ಕೊಟ್ಯಾ ಎಂದು ಅಕ್ಕ ಕೇಳಿದಳು. ಕೊಟ್ಟೆ ಎಂದೆ. ಅವಳು ಸಮಾಧಾನವಾಗಿ ಒಂದು ಎಲೆ ಮಡಿಚಿಕೊಂಡಳು, ಆಪರೇಷನ್ ಇರುವವರು ಎಲೆ ಹಾಕಬಾರದು ಎಂದು ನರ್ಸ್ ಬಂದು ಕಿತ್ತುಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಬೆಳಿಗ್ಗೆ ವಾರ್ಡಿಗೆ ತಂದು ಮಲಗಿಸಿದರು. ಬಾಯಿ ಒಣಗಿದೆ ಎಂದಳು, ನನ್ನ ತಿಂಡಿ ಆಯಿತೇ ಎಂದು ಕೇಳಿದಳು. ಒಬ್ಬ ನರ್ಸ್ ಬಂದು ಡ್ರಿಪ್ಪಿನ ಕೊಳವೆಗೆ ಒಂದು ಇಂಜೆಕ್ಷನ್ ಹಾಕಿ ಹೋದಳು. ಸ್ವಲ್ಪ ಹೊತ್ತಿಗೆ ಅಕ್ಕ ಅಂಗೈ ಕೆರೆದುಕೊಳ್ಳತೊಡಗಿದಳು. "ಅಂಗೈ ನವೆ ಕಣ್ಲಾ" ಎಂದಳು. ನಮ್ಮ ಕಡೆ ಬಲಗೈ ಅಂಗೈ ನವೆಯಾದರೆ ದುಡ್ಡು ಬರುತ್ತದೆ ಎನ್ನುತ್ತಾರಲ್ಲ, ನಾನು ಅದನ್ನೇ ಹೇಳಿ ನಕ್ಕೆ. ಅವಳೂ ನಕ್ಕಳು. ನಾನು ಅವಳ ಜೊತೆ ಆಡಿದ ಕೊನೆಯ ಮಾತು ಅದು. ಅವಳ ಕುತ್ತಿಗೆ ಕೆಂಪಾಗಿ ಮೇಲೇರುತ್ತಿದ್ದುದನ್ನು ಕಂಡು ನಾನು ಕೂಗಿದೆ. ನರ್ಸುಗಳು ಓಡಿ ಬಂದರು, ಪರದೆ ಎಳೆದರು, ನನ್ನನ್ನು ಹೊರಗೆ ತಳ್ಳಿದರು. ಪರದೆ ಮುಚ್ಚುವ ಮೊದಲು ಊದಿದ ತುಟಿ ಕಂಡಿತು. ಮಧ್ಯಾಹ್ನದೊಳಗೆ ಡಾಕ್ಟರು ಹೊರಗೆ ಬಂದು ಹಾರ್ಟ್ ಅಟ್ಯಾಕ್ ಎಂದರು.

ಪೋಸ್ಟ್‌ಮಾರ್ಟಂ ಬೇಕೇ ಎಂದು ಕೇಳಿದರು. ಅಷ್ಟು ಹೊತ್ತಿಗೆ ಊರಿನಿಂದ ಜನ ಬಂದಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಸತ್ತವಳನ್ನು ಯಾಕೆ ಕುಯ್ಯಿಸುವುದು ಎಂದರು. ಬೇಡ ಎಂದು ಬರೆದುಕೊಡಬೇಕಿತ್ತು. ಬರೆಯುವವನು ನಾನು ತಾನೇ, ನಾನೇ ಬರೆದೆ. ಅಕ್ಷರ ದುಂಡಗಿದೆ ಎಂದು ಅಲ್ಲಿನ ಮ್ಯಾನೇಜರ್ ಹೊಗಳಿದ. ಆ ಹೊಗಳಿಕೆಗೆ ನಾನು ತಲೆಯಾಡಿಸಿದ್ದು ಈಗ ನೆನಪಾದರೆ ಮೈ ಉರಿಯುತ್ತದೆ.

ನಮ್ಮಲ್ಲಿ ಹೂಳುವುದು ಸ್ವಂತ ಹೊಲದಲ್ಲಿ. ಹೊಂಗೆ ಮರದ ಪಕ್ಕ ಗುಂಡಿ ತೆಗೆದಿದ್ದರು. ಸತ್ತವರು ಇಷ್ಟಪಟ್ಟದ್ದನ್ನು ಜೊತೆಗೆ ಇಡಬೇಕು, ಎಲೆಅಡಿಕೆ ಹಾಕುತ್ತಿದ್ದವರಾದರೆ ಸಂಚಿ ತುಂಬಿ ಇಡಬೇಕು. ಅಣ್ಣತಮ್ಮಂದಿರು ತುಂಬಬೇಕು ಎಂದು ಊರಿನ ಹೆಂಗಸರು ನನ್ನ ಕೈಗೆ ಸಂಚಿ ಕೊಟ್ಟರು. ಹೊಸ ಎಲೆ ಹಾಕಿದೆ, ಅಡಿಕೆ ಹಾಕಿದೆ, ಸುಣ್ಣದ ಡಬ್ಬಿ ತುಂಬಿದೆ. ಮೂರನೇ ಅರೆಯಲ್ಲಿ ಬೆರಳಿಗೆ ಪ್ಲಾಸ್ಟಿಕ್ ಸಿಕ್ಕಿತು. ಸಾಯುವವರೆಗೆ ಜೊತೆಗಿರಲಿ ಎಂದಿದ್ದ ಚೀಟಿ, ಅದೂ ಅವಳದೇ, ಹೋಗಲಿ ಎನ್ನಿಸಿತು. ಸಂಚಿಯನ್ನು ಅವಳ ಬಲಗೈ ಪಕ್ಕ ಇಟ್ಟು ನಾನೇ ಮೊದಲ ಮಣ್ಣು ಹಾಕಿದೆ. ಅಸಲನ್ನು ಯಾರಿಗೂ ಕೊಡಬೇಡಿ ಎಂದು ಊರೆಲ್ಲ ಬೈದವನು ಅದನ್ನು ಮಣ್ಣಿಗೆ ಕೊಟ್ಟು ಕೈ ತೊಳೆದುಕೊಂಡೆ.

ಹನ್ನೊಂದನೇ ದಿನದ ತಿಥಿ ಊಟ ಮುಗಿದು ಜನ ಹೊರಟಮೇಲೆ ಅಕ್ಕನ ಮಗಳು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಾ ಕೂತಿದ್ದಳು. ನಾನು ಕೈ ತೊಳೆಯಲು ಹೋದಾಗ ತಲೆ ಎತ್ತದೆ ಕೇಳಿದಳು.

"ಮಾವ, ಅವ್ವನ ಕೆಂಪು ಚೀಟಿ ಅವ್ರಿಗೆ ಕೊಟ್ಟಿದ್ರಾ?"

ಕೊಟ್ಟಿದ್ದೆ ಎಂದೆ. ಜೆರಾಕ್ಸ್ ಮಾಡಿಸಿ ನರ್ಸಿನ ಕೈಗೇ ಕೊಟ್ಟಿದ್ದೆ, ಫೈಲಿಗೆ ಸೇರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಅವರು ನೋಡಿಲ್ಲ ಎಂದಳು. ತುಟಿ ಊದಿದ್ದು, ಮೈ ಕೆಂಪಾಗಿದ್ದು ನಾನು ಅವಳಿಗೆ ಹೇಳಿದ್ದೆ. ಅದು ಹಾರ್ಟ್ ಅಟ್ಯಾಕ್ ಅಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಯಾವ ಇಂಜೆಕ್ಷನ್ ಕೊಟ್ಟರು, ಚೀಟಿ ಫೈಲಿನಲ್ಲಿದ್ದೂ ಯಾಕೆ ಕೊಟ್ಟರು, ಇಷ್ಟು ಗೊತ್ತಾದರೆ ಸಾಕು ಎಂದಳು. ನಾನು ತಿಳಿದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ. ಅವತ್ತು ನನಗೆ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ, ಸಿಟ್ಟಿದ್ದದ್ದು ಎಷ್ಟೋ ವಾಸಿಯಾಗಿತ್ತು.

ಆಸ್ಪತ್ರೆಯಲ್ಲಿ ಕೇಸ್ ಶೀಟ್ ಕೇಳಿದೆ. ರೆಕಾರ್ಡ್ ರೂಮಿನವನು ಬಿಲ್ಲಿಂಗಿಗೆ ಕಳಿಸಿದ, ಬಿಲ್ಲಿಂಗಿನವಳು ಮ್ಯಾನೇಜರ್ ಹತ್ತಿರ ಕಳಿಸಿದಳು, ಮ್ಯಾನೇಜರ್ ಮೀಟಿಂಗಿನಲ್ಲಿದ್ದ. ಮುಂದಿನ ವಾರ ಹೋದರೆ ಫೈಲು ಸ್ಕ್ಯಾನಿಂಗಿಗೆ ಹೋಗಿತ್ತು. ಅದರ ಮುಂದಿನ ವಾರ ಸಿಸ್ಟಂ ಡೌನ್ ಆಗಿತ್ತು. ಸರ್ಕಾರಿ ಕಚೇರಿಯ ಮೆಟ್ಟಿಲಲ್ಲಿ ಜೀವನ ಕಳೆದ ನನಗೆ ಇವೆಲ್ಲ ಹೊಸದಲ್ಲ. ಆದರೆ ಇಷ್ಟು ದಿನ ನಾನು ಕಿಟಕಿಯ ಈಚೆಗೆ ನಿಂತವರನ್ನು ಬೈಯುತ್ತಿದ್ದೆ, ಈಗ ನಾನೇ ಈಚೆಗೆ ನಿಂತಿದ್ದೆ. ಒಂದು ದಿನ ತಡೆಯಲಾರದೆ ಕೂಗಾಡಿದೆ. ಆಗ ಮ್ಯಾನೇಜರ್ ನನ್ನನ್ನು ಒಳಗೆ ಕೂರಿಸಿ, ನೀರು ಕೊಡಿಸಿ, ತಣ್ಣಗೆ ಹೇಳಿದ.

"ನೀವು ಕೊಟ್ಟ ಪೇಪರಲ್ಲಿ ಅಲರ್ಜಿ ಅಂತ ಎಲ್ಲೂ ಇಲ್ಲ ಸರ್. ಇದೆ ಅನ್ನೋದಾದ್ರೆ ಒರಿಜಿನಲ್ ತಗೊಂಡ್ ಬನ್ನಿ."

ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಖಾತ್ರಿಯಿತ್ತು. ಜೆರಾಕ್ಸನ್ನು ಕಿತ್ತು ಹಾಕಿದ್ದಾರೆ, ಇನ್ನು ಅಸಲು ಒಂದೇ ದಾರಿ. ಅಸಲು ಎಲ್ಲಿದೆ ಎಂದು ನನಗೆ ಮಾತ್ರ ಗೊತ್ತಿತ್ತು. ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಈ ಯೋಚನೆ ತಲೆಗೆ ಹೊಕ್ಕಿದ್ದೇ ನನಗೆ ಬೇರೆ ಯಾವ ಯೋಚನೆಯೂ ಬರದಂತಾಯಿತು. ಊಟಕ್ಕೆ ಕೂತರೆ ಅದೇ, ಯಾರದೋ ಕ್ರಯಪತ್ರದಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯುವಾಗಲೂ ಅದೇ.

ಒಂದು ಮಧ್ಯಾಹ್ನ ಅರಕಲಗೂಡಿನ ಬಸ್ಸು ಹತ್ತಿದೆ. ಭಾವ ಸಂತೆಗೆ ಹೋಗಿರುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಕೊಟ್ಟಿಗೆಯಿಂದ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ನಡೆದೆ. ಮಣ್ಣಿನ ದಿಬ್ಬ ಆಗಲೇ ಅರ್ಧ ಕುಗ್ಗಿತ್ತು, ಮೇಲೆ ಹುಲ್ಲು ಬಂದಿತ್ತು. ಸರ್ಕಾರದ ಅನುಮತಿಯಿಲ್ಲದೆ ಗುಂಡಿ ತೆಗೆಯುವುದು ಅಪರಾಧ ಎಂದು ನನಗೆ ಗೊತ್ತು, ಅಂಥ ಅನುಮತಿಗೆ ಅರ್ಜಿ ಬರೆಯುವ ಕ್ರಮವೂ ಗೊತ್ತು. ಬಲಗೈ ಪಕ್ಕ, ಅಷ್ಟೇ, ಅವಳ ಮೈ ಮುಟ್ಟದೆ ತೆಗೆಯಬಹುದು ಎಂದು ಲೆಕ್ಕ ಹಾಕುತ್ತಾ ಒಂದು ಗೇಣು ಅಗೆದೆ. ಉಸಿರು ಸಾಲದೆ ನಿಂತು ತಿರುಗಿದರೆ ಭಾವ ಬದುವಿನ ಮೇಲೆ ಕೂತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬಹುಶಃ ಅಗೆಯುವುದನ್ನು ಮುಂದುವರಿಸುತ್ತಿದ್ದೆ. ಚೀಟಿಯ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಬೀಡಿ ಆರಿಸಿದರು.

"ತೆಗೀಬೇಕು ಅಂದ್ರೆ ತೆಗಿ. ನಾ ತಡ್ಯಾಕಿಲ್ಲ. ಅವಳ್ನ ಒಂದ್ ಮಾತು ಕೇಳ್ಬುಟ್ಟು ತೆಗಿ" ಎಂದರು.

ನನಗೆ ಕೇಳಲು ಆಗಲಿಲ್ಲ. ಗುದ್ದಲಿ ಬಿಟ್ಟು ಅಲ್ಲೇ ಕುಸಿದು ಅತ್ತೆ. ಆ ವರ್ಷ ನಾನು ಅತ್ತದ್ದು ಅದೊಂದೇ ಸಲ. ಭಾವ ಬಂದು ನಾನು ಅಗೆದ ಮಣ್ಣನ್ನು ಕಾಲಿನಿಂದ ಸರಿಮಾಡಿ, ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಬಡಿಸಿದರು.

ಅಲ್ಲಿಂದ ಬರುವಾಗ ಹೊಳೆದದ್ದು ಆ ಹಳೆಯ ಡಾಕ್ಟರು. ಅವರು ಬದುಕಿದ್ದರೆ, ಹೌದು ನಾನೇ ಬರೆದುಕೊಟ್ಟೆ ಎಂದು ಒಂದು ಸಾಲು ಬರೆದುಕೊಟ್ಟರೆ ಗುಂಡಿ ತೆಗೆಯುವ ಕೆಲಸವೇ ಇಲ್ಲ. ಅವರ ಕ್ಲಿನಿಕ್ಕಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಅಂಗಡಿಯವನು ಹಿಂದಿನ ಬೀದಿಯ ಮನೆ ತೋರಿಸಿದ. ಡಾಕ್ಟರು ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು, ಕೈ ನಡುಗುತ್ತಿತ್ತು, ಮಾತು ಸ್ಪಷ್ಟವಾಗಿತ್ತು. ಅಕ್ಕ ಯಾರೆಂದು ಅವರಿಗೆ ನೆನಪಾಗಲಿಲ್ಲ. ಅಂಥದ್ದು ನಾಲ್ಕಾರು ಜನಕ್ಕೆ ಆಗಿದೆಯಪ್ಪ ಎಂದರು. ಆದರೆ ಅಂಥ ಚೀಟಿ ಹೇಗೆ ಬರೆಯುತ್ತಿದ್ದರು ಎಂಬುದು ಚೆನ್ನಾಗಿ ನೆನಪಿತ್ತು.

"ಮುಂದ್ಗಡೆ ಔಷಧಿ ಪಟ್ಟಿ ಇರ್ತಿತ್ತಲ್ಲ, ಅದ್ರಲ್ಲಿ ಆ ಇಂಜೆಕ್ಷನ್ ಹೆಸ್ರಿಗೆ ಕೆಂಪಿಂಕಲ್ಲಿ ಒಂದು ಸುತ್ತು ಹಾಕ್ತಿದ್ದೆ. ಹಿಂದ್ಗಡೆ, ಸುತ್ತು ಹಾಕಿರೋದನ್ನ ಈಕೆಗೆ ಎಂದಿಗೂ ಕೊಡಬೇಡಿ ಅಂತ ಬರೀತಿದ್ದೆ. ಮುಂದೆ ಜಾಗ ಎಲ್ಲಿರ್ತಿತ್ತು?" ಎಂದರು. ಆಮೇಲೆ, "ಎರಡೂ ಕಡೆ ತೋರಿಸಿದ್ರಿ ತಾನೆ?" ಎಂದು ಕೇಳಿದರು.

ಹೂಂ ಎಂದೆ. ಬಾಯಿ ಅಂದುಬಿಟ್ಟಿತು. ಅವರು ನಡುಗುವ ಕೈಯಲ್ಲೇ ಒಂದು ಹಾಳೆಯಲ್ಲಿ ತಮ್ಮ ಪದ್ಧತಿ ಹೀಗಿತ್ತು ಎಂದು ಬರೆದುಕೊಟ್ಟರು. ಅದನ್ನು ಜೇಬಿಗಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ಎರಡು ಬಸ್ಸು ಬಿಟ್ಟೆ. ಹಿಂಬದಿಯಲ್ಲಿ ಬರಹ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಕೆಂಪು ಸುತ್ತನ್ನು ನೋಡಿದ್ದೆ, ಕೆಂಪು ಚೀಟಿ ಎಂದರೆ ಅದೇ ಎಂದುಕೊಂಡಿದ್ದೆ. ಜೆರಾಕ್ಸ್ ಅಂಗಡಿಯಲ್ಲಿ ನಾನು ಏನು ಮಾಡಿಸಿದೆ, ಒಂದು ಮಗ್ಗುಲೋ ಎರಡೋ? ಎಷ್ಟು ತಡಕಾಡಿದರೂ ನೆನಪು ಬರಲಿಲ್ಲ. ಜೀವನವಿಡೀ ಎರಡೂ ಮಗ್ಗುಲು ಮಾಡಿಸಿದವನು, ಅವತ್ತೂ ಮಾಡಿಸಿರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ.

ಅಲ್ಲಿಂದ ಮುಂದೆ ನಾನು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿಬಿಟ್ಟೆ. ಅಷ್ಟು ದಿನ ಆ ಫೈಲು ಸಿಗಲಿ ಎಂದು ಬೇಡಿಕೊಂಡವನು ಈಗ ಅದು ಸುಟ್ಟು ಹೋಗಲಿ ಎಂದು ಬೇಡಿಕೊಳ್ಳತೊಡಗಿದೆ. ಅಕ್ಕನ ಮಗಳು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಫೈಲು ಮೇಲೆ ಹೋಗಿದೆ, ಬರುತ್ತೆ ಎನ್ನುತ್ತಿದ್ದೆ. ಯಾರ ಬಾಯಿಂದ ಕೇಳಿ ಕೇಳಿ ನನಗೆ ರಕ್ತ ಕುದಿಯುತ್ತಿತ್ತೋ ಅದೇ ಮಾತು ಈಗ ನನ್ನ ಬಾಯಿಗೆ ಸಲೀಸಾಗಿ ಬಂದಿತ್ತು. ಮನೆಯಲ್ಲಿ ಹೆಂಡತಿಯ ಮೇಲೆ ರೇಗುತ್ತಿದ್ದೆ, ಮೇಜಿನ ಮುಂದೆ ಬಂದವರ ಮೇಲೆ ರೇಗುತ್ತಿದ್ದೆ. ಯಾರೋ ಮುದುಕಿ ಪತ್ರದ ಮುಂಬದಿಯ ಜೆರಾಕ್ಸ್ ಮಾತ್ರ ತಂದಳೆಂದು ಅವಳನ್ನು ಅಳುವಂತೆ ಬೈದೆ.

ಒಂದು ದಿನ ಅಕ್ಕನ ಮಗಳು ಹೇಳದೆ ಕೇಳದೆ ಹೊಳೆನರಸೀಪುರಕ್ಕೆ ಬಂದಳು. ಹೆಂಗಸರ ನೂಕಾಟದ ಬಸ್ಸಿನಲ್ಲಿ ನಿಂತೇ ಬಂದಿದ್ದಳು, ಮುಖ ಬಾಡಿತ್ತು. ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ ತಾನೇ ಒಂದು ಅರ್ಜಿ ಬರೆದಿದ್ದಳು, ನೋಡಿ ತಿದ್ದಿಕೊಡಿ ಮಾವ ಎಂದು ಮೇಜಿನ ಮೇಲಿಟ್ಟಳು. ಅಂಗನವಾಡಿಯ ರಿಜಿಸ್ಟರಿನ ಹಾಳೆ. ಸದರಿ, ಮೇಲ್ಕಂಡ, ಈ ಮೂಲಕ ಎನ್ನುವ ನನ್ನ ಕಸಬಿನ ಮಾತು ಒಂದೂ ಇರಲಿಲ್ಲ. ನಮ್ಮವ್ವ ಆಸ್ಪತ್ರೆಗೆ ನಡೆದುಕೊಂಡು ಹೋದಳು, ಚೀಟಿ ತಮ್ಮನ ಕೈಲಿ ಕೊಟ್ಟು ಕಳಿಸಿದಳು, ಆದರೂ ಅವಳಿಗೆ ಏನು ಕೊಟ್ಟರು ಎಂದು ನಮಗೆ ಯಾರೂ ಹೇಳುತ್ತಿಲ್ಲ ಎಂದು ಬರೆದಿದ್ದಳು. ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಇದೇ ಕೊಡು ಎಂದೆ.

ಆ ಅರ್ಜಿಗೆ ಉತ್ತರ ಬಂತು. ನಕಲು ಕೊಡಬೇಕೆಂದು ಆಸ್ಪತ್ರೆಗೆ ಪತ್ರ ಹೋಯಿತು. ಮಕ್ಕಳನ್ನು ಬಿಟ್ಟು ಬರಲಾಗುವುದಿಲ್ಲ, ನೀವೇ ತಂದುಬಿಡಿ ಮಾವ ಎಂದಳು. ಹಾಸನಕ್ಕೆ ಹೋದೆ. ಈ ಸಲ ಯಾರೂ ನನ್ನನ್ನು ಅಲೆಸಲಿಲ್ಲ. ಪ್ರತಿ ಹಾಳೆಗೂ ಮೊಹರು ಹಾಕಿ, ಪಿನ್ ಹೊಡೆದು, ಕಂದು ಲಕೋಟೆಯಲ್ಲಿ ಕೊಟ್ಟರು. ಲಕೋಟೆ ಬಿಚ್ಚದೆ ರಸ್ತೆ ದಾಟಿದೆ. ನಮಗೊಂದು ಪ್ರತಿ ಇರಲಿ ಎಂದು ಕಾಲು ತಾನಾಗಿ ಅದೇ ಜೆರಾಕ್ಸ್ ಅಂಗಡಿಗೆ ಹೋಯಿತು. ಅಂಗಡಿಯ ಹೆಂಗಸು ಲಕೋಟೆ ಕೈಗೆ ತೆಗೆದುಕೊಂಡು, "ಎರಡೂ ಸೈಡಾ ಸಾ?" ಎಂದಳು.

ಆಗ ನೆನಪು ಬಂತು. ಅವತ್ತು ಸಂಜೆ ಅಂಗಡಿ ತುಂಬ ಜನ. ಇದೇ ಹೆಂಗಸು ಚೀಟಿಯನ್ನು ತಿರುಗಿಸಿ ನೋಡಿ, ಹಿಂದೆ ಬರೀ ಎಲೆಅಡಿಕೆ ಕರೆ ಐತೆ, ಮಾಡ್ಲಾ ಎಂದು ಕೇಳಿದ್ದಳು. ನಾನೂ ಇಣುಕಿದ್ದೆ. ಅಕ್ಕ ಎಲೆ ಹಾಕಿದ ಕೈಯಲ್ಲೇ ಎಷ್ಟೋ ಸಲ ತೆಗೆದಿಟ್ಟ ಚೀಟಿ, ಕೆಂಪು ಕೆಂಪಾಗಿ ಹರಡಿಕೊಂಡಿತ್ತು. ಅದರೊಳಗೆ ಅಕ್ಷರ ಇರಬಹುದು ಎಂದು ನನಗೆ ಹೊಳೆಯಲಿಲ್ಲ. ಅಕ್ಕ ಒಬ್ಬಳೇ ಇದ್ದಾಳೆ, ಬೇಗ ಹೋಗಬೇಕು ಎಂಬ ಅವಸರ. ಬ್ಯಾಡ ಬಿಡಮ್ಮ, ಮುಂದ್ಗಡೆ ಸಾಕು ಎಂದಿದ್ದೆ.

ಲಕೋಟೆ ವಾಪಸು ತೆಗೆದುಕೊಂಡು, ಅಂಗಡಿಯ ಕಟ್ಟೆಯ ಮೇಲೆ ಕೂತು ಕಂತೆ ಬಿಚ್ಚಿದೆ. ಕಾಗದ ನೋಡುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಸೇರಿಸುವಾಗ ತುಂಬುವ ಹಾಳೆಯಲ್ಲಿ ಅಲರ್ಜಿ ಎಂಬ ಅಂಕಣ ಖಾಲಿ, ಇದೆ ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಅಕ್ಕನನ್ನು ಯಾರೂ ಕೇಳಿಯೇ ಇಲ್ಲ. ಔಷಧಿ ಕೊಟ್ಟ ಹಾಳೆಯಲ್ಲಿ ಪ್ರತಿಯೊಂದಕ್ಕೂ ವೇಳೆ ಇದೆ, ಕೊಟ್ಟವರ ಚಿಕ್ಕ ಸಹಿ ಇದೆ. ಮೊದಲು ಒಂದು ತೊಟ್ಟು ಕೊಟ್ಟು ಪರೀಕ್ಷಿಸಿದೆವು ಎನ್ನುವ ಅಂಕಣದಲ್ಲಿ ಮಾತ್ರ ವೇಳೆಯೂ ಇಲ್ಲ, ಸಹಿಯೂ ಇಲ್ಲ, ಬರೀ ಒಂದು ಟಿಕ್ಕು. ಆಮೇಲೆ ಹಾಕಿದ ಟಿಕ್ಕು ಹೇಗಿರುತ್ತದೆ ಎಂದು ಮೂವತ್ತು ವರ್ಷ ನೋಡಿದ್ದೇನೆ. ಅವಳಿಗೆ ಕೊಟ್ಟ ಇಂಜೆಕ್ಷನ್ನಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡೆ.

ಕೊನೆಯಿಂದ ಮೂರನೇ ಹಾಳೆ ನನ್ನ ಜೆರಾಕ್ಸ್. ಮುಂಬದಿ ಮಾತ್ರ. ಅದೇ ಇಂಜೆಕ್ಷನ್ನಿನ ಹೆಸರು, ಅದರ ಸುತ್ತ ಒಂದು ಗೆರೆ. ಅಸಲಿನಲ್ಲಿ ಕೆಂಪಾಗಿದ್ದ ಸುತ್ತು ಇದರಲ್ಲಿ ಕಪ್ಪಾಗಿತ್ತು. ಮುಖ್ಯವಾದದ್ದು, ಮರೆಯಬೇಡಿ ಎಂದು ಯಾರೋ ಗುರುತು ಮಾಡಿಕೊಂಡ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಸಣ್ಣ ಗುರುತಿತ್ತು, ಅದು ಅಸಲಿನಲ್ಲಿತ್ತೋ, ಆಸ್ಪತ್ರೆಯಲ್ಲಿ ಯಾರಾದರೂ ಹಾಕಿದ್ದೋ ಗೊತ್ತಿಲ್ಲ. ನನ್ನ ಕಾಗದ ಅವಳನ್ನು ಕಾಯಲಿಲ್ಲ ಎಂದಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಇದನ್ನು ನೋಡಿಯೇ ಕೊಟ್ಟರೇನೋ, ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಔಷಧಿ ಎಂದುಕೊಂಡರೇನೋ ಎಂಬುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಕ್ಕನ ಮಗಳಿಗೆ ಕಂತೆ ಕೊಡಲು, ಚನ್ನರಾಯಪಟ್ಟಣದ ಮೇಲೆ ಹೋಗುವ ಹಿರೀಸಾವೆ ಬೋರ್ಡಿನ ಬಸ್ಸು ಹತ್ತಿ ಕೂತೆ. ಚನ್ನರಾಯಪಟ್ಟಣ ಬಂತು, ಜನ ಇಳಿದರು, ನಾನು ಇಳಿಯಲಿಲ್ಲ. ಕಂಡಕ್ಟರ್ ಬಂದು ಕೇಳಿದಾಗ ಹಿರೀಸಾವೆಗೆ ಇನ್ನೊಂದು ಟಿಕೆಟ್ ತೆಗೆಸಿದೆ. ಅಲ್ಲಿ ಹೈವೇ ಪಕ್ಕದ ಹೋಟೆಲಿನಲ್ಲಿ ಮೂಲೆಯ ಟೇಬಲ್ ಹಿಡಿದು ಟೀ ಹೇಳಿದೆ. ಹಾಳೆಗಳಿಗೆ ಪುಟಸಂಖ್ಯೆ ಇರಲಿಲ್ಲ. ಪಿನ್ ಸಡಿಲಿಸಿ ನನ್ನ ಜೆರಾಕ್ಸಿನ ಆ ಒಂದು ಹಾಳೆ ಎಳೆದರೆ ಯಾರಿಗೂ ತಿಳಿಯುವುದಿಲ್ಲ. ಆಸ್ಪತ್ರೆಯವರ ಹತ್ತಿರ ಅವರ ಪ್ರತಿ ಇದೆ, ವಿಚಾರಣೆಯಲ್ಲಿ ಇದು ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ನನಗೆ ವಿಚಾರಣೆಯ ಚಿಂತೆ ಇರಲಿಲ್ಲ. ಆ ಹುಡುಗಿ ನನ್ನ ಮುಖ ನೋಡುವುದು ಬಿಡಬಾರದು, ಅಷ್ಟೇ ಬೇಕಿತ್ತು. ಉಗುರಿನಿಂದ ಪಿನ್ನಿನ ಒಂದು ಕಾಲು ಎಬ್ಬಿಸಿದೆ. ಇಂಥ ಕೆಲಸಕ್ಕೆಂದು ನನ್ನ ಮೇಜಿಗೆ ಬಂದವರನ್ನು ಎಷ್ಟೋ ಸಲ ಎಬ್ಬಿಸಿ ಕಳಿಸಿದ್ದೇನೆ. ಅವರಲ್ಲಿ ಒಬ್ಬರ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ ಎನ್ನಿಸಿತು. ಅವರೂ ಹೀಗೇ ಯಾವುದೋ ಹೋಟೆಲಿನಲ್ಲಿ ಕೂತು ಬಂದಿರಬಹುದು. ಕೆನೆಗಟ್ಟಿದ ಟೀಯನ್ನು ಹಾಗೆಯೇ ಬಿಟ್ಟು, ಪಿನ್ ಒತ್ತಿ, ಹಿಂದಕ್ಕೆ ಹೋಗುವ ಬಸ್ಸು ಹತ್ತಿದೆ.

ಅಂಗನವಾಡಿಯಲ್ಲಿ ಮಕ್ಕಳು ಊಟ ಮುಗಿಸಿ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದವು. ಅಕ್ಕನ ಮಗಳು ಕಂತೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ನೋಡಿದಳು. ಖಾಲಿ ಅಂಕಣ, ಬರೀ ಟಿಕ್ಕು, ಇಂಜೆಕ್ಷನ್ನಿನ ಹೆಸರು, ಎಲ್ಲ ಬೆರಳಿಟ್ಟು ತೋರಿಸಿದೆ. ಹಳೆಯ ಡಾಕ್ಟರು ಬರೆದುಕೊಟ್ಟಿದ್ದನ್ನೂ ಓದಿ ಹೇಳಿದೆ. ಆಮೇಲೆ ನನ್ನ ಜೆರಾಕ್ಸ್ ಬಂತು. ಬೆರಳು ಹಿಂದಕ್ಕೆ ತೆಗೆದುಕೊಂಡೆ. ಅವಳು ಅದನ್ನು ನೋಡಿದಳು, ತಿರುಗಿಸಿದಳು. ಬಿಳಿ ಹಾಳೆ. ಮತ್ತೆ ಮುಂಬದಿ ನೋಡಿ, ಮತ್ತೆ ತಿರುಗಿಸಿದಳು.

ಎಲ್ಲ ಹೇಳಿದೆ. ಅಂಗಡಿಯ ಹೆಂಗಸು ಕೇಳಿದ್ದು, ನಾನು ಬೇಡ ಎಂದದ್ದು, ಹಿರೀಸಾವೆಗೆ ಹೋಗಿ ಪಿನ್ ಎಬ್ಬಿಸಿದ್ದನ್ನೂ ಹೇಳಿದೆ. ಅವಳು ಕಂತೆಯನ್ನು ಕೆಳಗಿಟ್ಟಳು. ಒಂದು ಮಗು ನಿದ್ದೆಯಲ್ಲಿ ಹೊರಳಿದಾಗ ಎದ್ದು ಹೋಗಿ ಹೊದಿಕೆ ಸರಿಮಾಡಿ ಬಂದಳು.

"ಕೊಟ್ಯಾ ಅಂತ ಅವ್ವ ಕೇಳಿದ್ಳಾ?"

"ಕೇಳಿದ್ಳು."

"ನೀವೇನಂದ್ರಿ?"

"ಕೊಟ್ಟೆ ಅಂದೆ."

ಅವಳ ಕಣ್ಣು ತುಂಬಿತು. ನನ್ನನ್ನು ಬೈಯಲಿ ಎಂದು ಕಾಯುತ್ತಿದ್ದೆ. ಅವಳು ರಿಜಿಸ್ಟರಿನಿಂದ ಒಂದು ಹಾಳೆ ಕಿತ್ತು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು.

"ದೂರು ಬರೀರಿ ಮಾವ. ಅವ್ರು ಕೇಳ್ನಿಲ್ಲ ಅಂತ್ಲೂ ಬರೀರಿ. ನೀವು ತೋರಿಸ್ನಿಲ್ಲ ಅಂತ್ಲೂ ಬರೀರಿ."

ಮಕ್ಕಳ ಎತ್ತರದ ಮಣೆಯ ಮೇಲೆ ಹಾಳೆ ಇಟ್ಟುಕೊಂಡು, ಬಗ್ಗಿ ಕೂತು ಬರೆದೆ. ಖಾಲಿ ಬಿಟ್ಟ ಅಂಕಣ, ವೇಳೆ ಇಲ್ಲದ ಟಿಕ್ಕು, ಹಾರ್ಟ್ ಅಟ್ಯಾಕ್ ಎಂಬ ಸುಳ್ಳು, ನನ್ನನ್ನು ಅಲೆಸಿದ್ದು, ಇವೆಲ್ಲ ಬರೆಯುವಷ್ಟರಲ್ಲಿ ಮುಂಬದಿ ತುಂಬಿತು. ಇನ್ನೊಂದು ಹಾಳೆ ಬೇಕಾ ಎಂದು ಅವಳು ಕೇಳಿದಳು. ಬೇಡ ಎಂದೆ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ನಾನು ಮಾಡಿದ್ದನ್ನು ಬರೆದೆ, ಓದಿ ನೋಡಿ ಸೈನ್ ಮಾಡಿದೆ. ಆಮೇಲೆ ಮತ್ತೆ ಮುಂಬದಿಗೆ ತಿರುಗಿಸಿ, ಕೆಳಗೆ ಉಳಿದಿದ್ದ ಬೆರಳಗಲದ ಜಾಗದಲ್ಲಿ, ಯಾರ ಕಣ್ಣಿಗೂ ತಪ್ಪದ ಹಾಗೆ ದಪ್ಪಗೆ ತಿದ್ದಿ ತಿದ್ದಿ, ಹಿಂಬದಿ ನೋಡಿ ಎಂದು ಬರೆದೆ.